ಎಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರೇಲರ್

ಭಾರತ ಹುಣ್ಣಿಮೆಗೆ ಉಪ್ಪಿನಬೆಟಗೇರಿ ಕಡೆಯಿಂದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಟ್ರ್ಯಾಕ್ಟರ್‌ಗಳನ್ನು ನೋಡಬೇಕು. ಗೊಬ್ಬರ ಹೊರುವ ಟ್ರೇಲರ್ ಅಂದು ಮನೆಯಾಗುತ್ತದೆ: ಕೆಳಗೆ ಹುಲ್ಲು, ಅದರ ಮೇಲೆ ಜಮಖಾನೆ, ನೆತ್ತಿಗೆ ಬಿಗಿದ ತಾಡಪತ್ರಿ, ಮೂಲೆಯಲ್ಲಿ ಒಲೆ. ನನಗೆ ಹೆಚ್ಚು ಮೆಚ್ಚುಗೆ ಭಾರ ಹೊಂದಿಸುವ ಜಾಣತನದ ಮೇಲೆ. ಎರಡು ಗಾಲಿಯ ಟ್ರೇಲರಿನ ಭಾರದ ಒಂದು ಪಾಲು ಕೊಂಡಿಯ ಮೇಲೇ ಕೂರುತ್ತದೆ. ಅದು ಅತಿಯಾದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಭಾರ ಹಿಂದಕ್ಕೆ ಸರಿದರೆ ಟ್ರೇಲರ್ ಓಲಾಡುತ್ತದೆ. ಅದಕ್ಕೇ ಬಲ್ಲ ಚಾಲಕ ಹಿಟ್ಟಿನ ಚೀಲ, ನೀರಿನ ಕೊಡಗಳನ್ನು ಅಚ್ಚಿನ ತುಸು ಮುಂದೆ ಇಡಿಸುತ್ತಾನೆ. ಹೊಲದಲ್ಲಿ ಬೇರೆಬೇರೆ ತುಳಿಯುವ ಎರಡು ಬ್ರೇಕ್ ಪೆಡಲ್‌ಗಳನ್ನು ರಸ್ತೆಗಿಳಿಯುವ ಮುನ್ನ ಚಿಲಕ ಹಾಕಿ ಒಂದು ಮಾಡುತ್ತಾನೆ. ಮಂದಿಯನ್ನು ಬಸ್ಸಿಗೆ ಹತ್ತಿಸಿ ಸಾಮಾನಷ್ಟನ್ನೇ ಟ್ರೇಲರಿಗೆ ಹೇರುವವನನ್ನು ಕಂಡರಂತೂ ನನಗೆ ದೊಡ್ಡ ಗೌರವ.