ಮಂಡಿಗೆ ಗುಂಡು, ಗಾಯಕ್ಕೆ ಮದ್ದಿಲ್ಲ

ಯುದ್ಧ ನಿಂತ ಊರಿನಲ್ಲಿ ಬಂದೂಕಿಗೇನು ಕೆಲಸ? ರಿಚ್ ಪೆಪಿಯಟ್ ನಿರ್ದೇಶನದ ‘ನೀಕ್ಯಾಪ್’ (2024) ಚಿತ್ರ ಎತ್ತುವ ಪ್ರಶ್ನೆ ಇದು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಐರಿಷ್ ಭಾಷಾ ರ‍್ಯಾಪ್ ತಂಡವೊಂದರ ಮೂವರು ಯುವಕರು ಇಲ್ಲಿ ತಮ್ಮ ಪಾತ್ರಗಳನ್ನು ತಾವೇ ವಹಿಸಿದ್ದಾರೆ.

ತಂಡದ ಹೆಸರಿನಲ್ಲೇ ಚರಿತ್ರೆಯಿದೆ. ನೀಕ್ಯಾಪ್ ಎಂದರೆ ಮಂಡಿಚಿಪ್ಪು. ಕಳ್ಳತನ, ಮಾದಕ ವಸ್ತು ಮಾರಾಟದ ಆರೋಪ ಹೊತ್ತ ಹುಡುಗರ ಮಂಡಿಗೆ ಅಲ್ಲಿನ ಸಶಸ್ತ್ರ ಗುಂಪುಗಳು ಗುಂಡಿಕ್ಕುತ್ತಿದ್ದವು. 1994ರ ಕದನವಿರಾಮದ ಹೊತ್ತಿಗೆ ರೇವ್ ನೃತ್ಯಕೂಟಗಳೂ ಎಕ್ಸ್ಟಸಿ ಮಾತ್ರೆಯೂ ಯುವಜನರನ್ನು ತಲುಪಿದ್ದವು. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಹುಡುಗರು ಒಂದೇ ಸೂರಿನಡಿ ಕುಣಿದರು. ಆದರೆ ಊರಿನ ರಕ್ಷಕರೆನಿಸಿಕೊಂಡವರ ಕಣ್ಣಿಗೆ ಬಿದ್ದದ್ದು ಮಾತ್ರೆಯೊಂದೇ. 1995-96ರಲ್ಲಿ ‘ಡೈರೆಕ್ಟ್ ಆ್ಯಕ್ಷನ್ ಅಗೇನ್ಸ್ಟ್ ಡ್ರಗ್ಸ್’ ಎಂಬ ಹೆಸರಿನಲ್ಲಿ ಹಲವರ ಕೊಲೆಯಾಯಿತು. ಆ ಹೆಸರು ಐಆರ್‌ಎಯ ಮುಖವಾಡವೆಂಬುದು ಗುಟ್ಟಾಗಿರಲಿಲ್ಲ. ಸಾಕ್ಷಿ ಬೇಕಿರಲಿಲ್ಲ, ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮಾದಕ ವಸ್ತು ಮನೆಗಳನ್ನು ಹಾಳುಮಾಡುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳ ಮೇಲಿನ ಹೆತ್ತವರ ಆತಂಕವನ್ನು ಬಂಡವಾಳ ಮಾಡಿಕೊಂಡು ಅಧಿಕಾರ ಉಳಿಸಿಕೊಳ್ಳುವವರನ್ನು ಸಮಾಜ ಸುಧಾರಕರೆಂದು ಕರೆಯುವುದು ಹೇಗೆ?

ಚಿತ್ರದಲ್ಲಿ ತಲೆಮರೆಸಿಕೊಂಡ ಹೋರಾಟಗಾರ ಅರ್ಲೋ ಮಗನಿಗೆ ಭಾಷಾಭಿಮಾನ ಕಲಿಸುತ್ತಾನೆ. ಇತ್ತ ಅವನ ಹೆಂಡತಿ ಖಿನ್ನತೆಯಿಂದ ಹೊಸ್ತಿಲು ದಾಟಲಾರದೆ ಕುಳಿತಿದ್ದಾಳೆ. ಚಿತ್ರದ ಅತ್ಯಂತ ಸತ್ಯವಾದ ಭಾಗ ಇದೇ. ಮೂರು ದಶಕಗಳ ಸಂಘರ್ಷದಲ್ಲಿ ಸುಮಾರು 3,500 ಮಂದಿ ಸತ್ತರು. 1998ರ ಶಾಂತಿ ಒಪ್ಪಂದದ ನಂತರ ಅದಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಈ ನೋವಿನ ವಿರುದ್ಧ ಯಾವ ಗುಂಪೂ ಬಂದೂಕು ಎತ್ತಲಿಲ್ಲ. ಎತ್ತಲು ಬರುವಂಥದ್ದೂ ಅಲ್ಲ.

ಚಿತ್ರ ಎಡವುವುದು ನಗುವಿನಲ್ಲಿ. ಮಾದಕ ವಸ್ತು ವಿರೋಧಿ ಬಂದೂಕುಧಾರಿಗಳನ್ನು ಅದು ಕೋಡಂಗಿಗಳನ್ನಾಗಿಸುತ್ತದೆ. ಭಯ ಹುಟ್ಟಿಸಿದವರನ್ನು ನೋಡಿ ನಗುವುದೂ ಪ್ರತಿರೋಧವೇ, ನಿಜ. ಆದರೆ ಆ ಗದ್ದಲದಲ್ಲಿ ತೊಂಬತ್ತರ ದಶಕದ ಹೆಣಗಳು ಮರೆಯಾಗುತ್ತವೆ. ನಶೆಯನ್ನೂ ಬಂಡಾಯದ ಬಾವುಟವೆಂಬಂತೆ ತೋರಿಸಿ, ಅದಕ್ಕೆ ಬಲಿಯಾದವರ ಮನೆಯ ಬಾಗಿಲು ತಟ್ಟದೆ ಚಿತ್ರ ಮುಂದೆ ಸಾಗುತ್ತದೆ.

ಹಾಗಿದ್ದರೂ ಇದು ನೋಡಬೇಕಾದ ಚಿತ್ರ. ಕೆಟ್ಟುಹೋದರೆನ್ನಲಾದ ಮಕ್ಕಳಿಗೆ ಶಿಕ್ಷೆ ವಿಧಿಸುವ ಮೊದಲು, ಅವರಿಗೆ ನಾವು ಎಂಥ ಊರನ್ನು ಬಿಟ್ಟುಹೋಗುತ್ತಿದ್ದೇವೆ ಎಂದು ಹಿರಿಯರು ಕೇಳಿಕೊಳ್ಳಬೇಕು.