ಕೋರಸ್ಸಿನಿಂದ ನಡುಮೈಕಿಗೆ

ಅಮೆರಿಕದ ಗಾಯಕಿ ಶೆರ್ ಅವರ 'ಕ್ರಿಸ್‌ಮಸ್' ಆಲ್ಬಮ್ ಬಂದದ್ದು 2023ರ ಅಕ್ಟೋಬರ್ 20ರಂದು. ಅದರಲ್ಲಿ 13 ಹಾಡುಗಳಿವೆ. ಮೊದಲ ಸಲ ಕೇಳುವಾಗ ನಾಲ್ಕನೆಯದಕ್ಕೆ ಬಂದು ಅಲ್ಲೇ ಉಳಿದುಬಿಟ್ಟೆ. ಮುಂದಿನ ಹಾಡಿಗೆ ಹೋಗಲು ಮನಸ್ಸೇ ಬರಲಿಲ್ಲ. ಹಾಡಿನ ಹೆಸರು 'ಕ್ರಿಸ್‌ಮಸ್ (ಬೇಬಿ ಪ್ಲೀಸ್ ಕಮ್ ಹೋಮ್)'. ಹಾಡುವವರು ಇಬ್ಬರು: 77ರ ಶೆರ್, 82ರ ಡಾರ್ಲೀನ್ ಲವ್. ಆ ವರ್ಷ ಬಂದ ಹಬ್ಬದ ಹಾಡುಗಳಲ್ಲಿ ನನ್ನ ಮಟ್ಟಿಗೆ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ. ಈ ಮಾತನ್ನು ನಾನು ಅಭಿಮಾನದಿಂದಷ್ಟೇ ಹೇಳುತ್ತಿಲ್ಲ, ಕಾರಣ ಕೊಡಬಲ್ಲೆ.

ಈ ಇಬ್ಬರೂ ಇದೇ ಹಾಡಿಗೆ ಒಂದೇ ಸ್ಟುಡಿಯೋದಲ್ಲಿ ದನಿ ಕೊಟ್ಟು ಆಗಲೇ 60 ವರ್ಷವಾಗಿತ್ತು. 1963ರ ಬೇಸಿಗೆಯಲ್ಲಿ ಹಾಲಿವುಡ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ಒಂದು ಕ್ರಿಸ್‌ಮಸ್ ರೆಕಾರ್ಡ್ ತಯಾರಿಸುತ್ತಿದ್ದ. ಸಣ್ಣ ಕೋಣೆಯೊಳಗೆ ಹಲವಾರು ಗಿಟಾರು, ಪಿಯಾನೋಗಳನ್ನು ಕೂರಿಸಿ ಒಂದೇ ಸ್ವರಗಳನ್ನು ಒಟ್ಟಿಗೆ ನುಡಿಸುವುದು, ಆ ನಾದವನ್ನು ಪ್ರತಿಧ್ವನಿಯ ಕೋಣೆಗೆ ಕಳಿಸಿ ಮರಳಿ ಟೇಪಿಗೆ ಹಿಡಿಯುವುದು ಅವನ ಪದ್ಧತಿ. ಯಾವ ವಾದ್ಯ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂದು ತಿಳಿಯದಂತೆ ಎಲ್ಲವೂ ಒಂದಾಗಿ ಎದುರು ಬಂದು ನಿಲ್ಲುತ್ತಿತ್ತು. ಆ ರೆಕಾರ್ಡಿನ ಹೆಚ್ಚಿನ ಹಾಡುಗಳು ಎಲ್ಲರಿಗೂ ಗೊತ್ತಿದ್ದ ಹಳೆಯವೇ. ಎಲೀ ಗ್ರೀನ್‌ವಿಚ್, ಜೆಫ್ ಬ್ಯಾರಿ ಮತ್ತು ಸ್ಪೆಕ್ಟರ್ ಸೇರಿ ಹೊಸದಾಗಿ ಬರೆದದ್ದು ಈ ಹಾಡನ್ನು. ಮುಖ್ಯ ದನಿ ಡಾರ್ಲೀನ್ ಅವರದು, ಆಗ ಅವರಿಗೆ 22. ಹಿಂದೆ ನಿಂತ ಕೋರಸ್ಸಿನಲ್ಲಿ, ಸ್ಪೆಕ್ಟರ್ ಬಳಿ ಕೆಲಸಕ್ಕಿದ್ದ ಸಾನಿ ಬೋನೋ ಜತೆ ಬಂದಿದ್ದ 17ರ ಹುಡುಗಿ ಶೆರ್. ರೆಕಾರ್ಡ್ ಅಂಗಡಿಗೆ ಬಂದದ್ದು ನವೆಂಬರ್ 22ರಂದು. ಅದೇ ದಿನ ಅಧ್ಯಕ್ಷ ಕೆನಡಿ ಅವರ ಹತ್ಯೆಯಾಯಿತು. ಶೋಕದಲ್ಲಿದ್ದ ದೇಶಕ್ಕೆ ಗಂಟೆ, ಗೆಜ್ಜೆಗಳ ಸಂಗೀತ ಬೇಕಿರಲಿಲ್ಲ.

ಡಾರ್ಲೀನ್ ಅವರ ಕಥೆ ಇಷ್ಟಕ್ಕೇ ನಿಲ್ಲುವುದಿಲ್ಲ. ಹಿಂದಿನ ವರ್ಷ, 1962ರಲ್ಲಿ, 'ಹೀಸ್ ಎ ರೆಬೆಲ್' ಅಮೆರಿಕದಲ್ಲಿ ನಂಬರ್ ಒನ್ ಆಗಿತ್ತು. ದನಿ ಅವರದು, ಆದರೆ ಸ್ಪೆಕ್ಟರ್ ಅದರ ಮೇಲೆ ಅಚ್ಚು ಹಾಕಿಸಿದ್ದು ಕ್ರಿಸ್ಟಲ್ಸ್ ಎಂಬ ತಂಡದ ಹೆಸರು. ದನಿಯನ್ನು ಕದಿಯುವುದೆಂದರೆ ಇದೇ, ಬೇರೆ ಮೃದು ಮಾತು ಇಲ್ಲಿ ಸಲ್ಲದು. ಮುಂದೆ ಹಾಡುವ ಅವಕಾಶಗಳು ಬತ್ತಿದಾಗ ಡಾರ್ಲೀನ್ ಬೇರೆಯವರ ಮನೆಗಳಲ್ಲಿ ನೆಲ ಒರೆಸಿ ಬದುಕಿದರು. ಹಾಗೊಂದು ದಿನ ಯಾರದೋ ಮನೆಯಲ್ಲಿ ಕೆಲಸ ಮಾಡುತ್ತಿದ್ದಾಗ ರೇಡಿಯೋದಲ್ಲಿ ತಮ್ಮದೇ ಈ ಕ್ರಿಸ್‌ಮಸ್ ಹಾಡು ಬಂತು, ಮತ್ತೆ ಹಾಡಲೇಬೇಕೆಂದು ನಿಶ್ಚಯಿಸಿದ್ದು ಆಗಲೇ ಎಂದು ಅವರು ಹೇಳಿಕೊಂಡಿದ್ದಾರೆ. ಹಿಂದೆ ನಿಂತು ಹಾಡುವವರ ಬದುಕನ್ನು ಕುರಿತ, ಆಸ್ಕರ್ ಗೆದ್ದ '20 ಫೀಟ್ ಫ್ರಮ್ ಸ್ಟಾರ್‌ಡಮ್' ಸಾಕ್ಷ್ಯಚಿತ್ರದಲ್ಲಿ ಅವರ ಮಾತುಗಳಿವೆ, ಸಿಕ್ಕರೆ ನೋಡಿ. 1986ರಿಂದ 2014ರವರೆಗೆ ಹೆಚ್ಚುಕಡಿಮೆ ಪ್ರತಿ ಕ್ರಿಸ್‌ಮಸ್‌ಗೂ ಅವರು ಡೇವಿಡ್ ಲೆಟರ್‌ಮನ್ ಅವರ ಟಿವಿ ಕಾರ್ಯಕ್ರಮಕ್ಕೆ ಬಂದು ಈ ಹಾಡನ್ನು ಹಾಡಿದರು. ಸ್ಪೆಕ್ಟರ್ 2009ರಲ್ಲಿ ಕೊಲೆ ಅಪರಾಧಿ ಎಂದು ತೀರ್ಪಾಗಿ, 2021ರಲ್ಲಿ ಕೈದಿಯಾಗಿಯೇ ಸತ್ತ. ಹಾಡು ಮಾತ್ರ ಡಾರ್ಲೀನ್ ಅವರ ಬಳಿ ಉಳಿಯಿತು.

ಈಗ 2023ರ ಹಾಡನ್ನು ಕೇಳಿ. ಹಳೆಯ ಕಟ್ಟಡವನ್ನು ಶೆರ್ ಕೆಡವಿಲ್ಲ. ಡ್ರಮ್ಮಿನ ಉರುಳು, ತುಂಬಿ ತುಳುಕುವ ವಾದ್ಯಗಳು, ಹಬ್ಬದ ಹೆಸರನ್ನೇ ಮತ್ತೆ ಮತ್ತೆ ಕೂಗುವ ಕೋರಸ್, ಎಲ್ಲವೂ ಇವೆ. ಆದರೆ ಮೂಲದಲ್ಲಿ ಡಾರ್ಲೀನ್ ಒಬ್ಬಂಟಿ: ಊರೆಲ್ಲ ಸಂಭ್ರಮ, ದೀಪ, ಹಿಮ, ನಡುವೆ ಒಂದು ದನಿ ಬಾರದವನನ್ನು ಕರೆಯುತ್ತಿರುತ್ತದೆ. ಸುತ್ತಲಿನ ಸದ್ದು ಏರಿದಂತೆಲ್ಲ ಅವಳ ಒಂಟಿತನವೂ ಏರುತ್ತದೆ. ಹೊಸದರಲ್ಲಿ ಆ ಒಂಟಿ ಹೆಂಗಸಿನ ಪಕ್ಕಕ್ಕೆ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ. ಶೆರ್ ಅವರದು ಎದೆಯ ತಳದಿಂದ ಏಳುವ ಭಾರದ ದನಿ, ಡಾರ್ಲೀನ್ ಅವರದು ಚರ್ಚಿನ ಹಾಡಿಕೆಯಲ್ಲಿ ಪಳಗಿ ಮೇಲಕ್ಕೆ ಹಾರುವ ದನಿ. ಒಬ್ಬರು ನೆಲ ಹಿಡಿದರೆ ಇನ್ನೊಬ್ಬರು ಛಾವಣಿ ಮುಟ್ಟುತ್ತಾರೆ. ಯೌವನದ ವಿರಹವೆಂದು ನಾವು ಕೇಳಿದ್ದ ಹಾಡು ಈ ವಯಸ್ಸಿನ ದನಿಗಳಲ್ಲಿ ಬೇರೆಯೇ ಆಗುತ್ತದೆ. ಇವರು ಮನೆಗೆ ಕರೆಯುತ್ತಿರುವವರಲ್ಲಿ ಇನ್ನು ಬರಲಾರದವರೂ ಇರಬಹುದಲ್ಲ ಎನ್ನಿಸಿ ಮೈ ಜುಮ್ಮೆಂದಿತು. ಇಷ್ಟಾಗಿಯೂ ಹಾಡಿನ ವೇಗ ಎಲ್ಲೂ ಕುಸಿಯುವುದಿಲ್ಲ, ಅಳು ಎಲ್ಲೂ ಇಣುಕುವುದಿಲ್ಲ. ಕೋರಸ್ಸಿನ ಹುಡುಗಿ ನಡುಮೈಕಿಗೆ ಬಂದ ಮೇಲೂ ಹಳೆಯ ಗಾಯಕಿಗೆ ಜಾಗ ಬಿಟ್ಟುಕೊಡುತ್ತಾಳೆ. ಆ ಬಿಟ್ಟುಕೊಡುವಿಕೆ ಕಿವಿಗೆ ಕೇಳಿಸುತ್ತದೆ.

ಹಬ್ಬದ ಹಾಡು ಗಟ್ಟಿಯಾಗಿ ಉಳಿಯುವುದು ಅದರೊಳಗೆ ಬಾರದವರಿಗೆ ಒಂದು ಜಾಗವಿದ್ದಾಗ. ಇದು ನನ್ನ ನಂಬಿಕೆ. ವ್ಯಾಮ್ ತಂಡದ 1984ರ 'ಲಾಸ್ಟ್ ಕ್ರಿಸ್‌ಮಸ್' ಮುರಿದ ಪ್ರೀತಿಯ ಹಾಡು. ಮರಾಯಾ ಕ್ಯಾರಿ ಅವರ 1994ರ ಕ್ರಿಸ್‌ಮಸ್ ಹಾಡಿನ ಕುಣಿತದ ಅಡಿಯಲ್ಲೂ ಇರುವುದು ಒಬ್ಬರೇ ಒಬ್ಬರಿಗಾಗಿ ಹಂಬಲ. ಕನ್ನಡದ ಕಿವಿಗೆ ಇದು ಹೊಸತಲ್ಲ. ಉತ್ತರ ಕರ್ನಾಟಕದ ಪಂಚಮಿ ಹಾಡುಗಳಲ್ಲಿ ಉಂಡಿ, ಜೋಕಾಲಿಗಳ ನಡುವೆಯೇ ಗಂಡನ ಮನೆಯ ಹೆಣ್ಣುಮಗಳು ಕರೆಯಲು ಬಾರದ ಅಣ್ಣನ ದಾರಿ ನೋಡುತ್ತಾಳೆ. ಅದನ್ನು ಕೇಳಿ ಬೆಳೆದವರಿಗೆ ಡಾರ್ಲೀನ್ ಅವರ ಕೂಗು ಯಾಕೆ ನಾಟುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹೊಸ ಹಬ್ಬದ ಹಾಡಿಗೆ ಇಂದು ಕಾಲ ಕಠಿಣವಾಗಿದೆ. ಜನ ತಮಗೆ ಬೇಕಾದ್ದನ್ನು ಫೋನಿನಲ್ಲಿ ಹಾಕಿಕೊಳ್ಳುವ ಈ ದಿನಗಳಲ್ಲಿ ಡಿಸೆಂಬರ್ ಬಂತೆಂದರೆ ಪಟ್ಟಿಯ ತುದಿಗೆ ಹಳೆಯ ಹಾಡುಗಳೇ ಏರುತ್ತವೆ. ಮರಾಯಾ ಕ್ಯಾರಿ ಅವರ ಹಾಡು ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 25 ವರ್ಷಗಳ ನಂತರ, 2019ರಲ್ಲಿ. ಬ್ರೆಂಡಾ ಲೀ 13ನೇ ವಯಸ್ಸಿನಲ್ಲಿ ಹಾಡಿದ 1958ರ 'ರಾಕಿನ್ ಅರೌಂಡ್ ದ ಕ್ರಿಸ್‌ಮಸ್ ಟ್ರೀ' ಆ ಸ್ಥಾನ ಕಂಡದ್ದು 2023ರ ಡಿಸೆಂಬರಿನಲ್ಲಿ, ಅವರಿಗೆ 78 ಆಗಿದ್ದಾಗ. ಅದೇ ತಿಂಗಳು ಬ್ರಿಟನ್ನಿನ ಕ್ರಿಸ್‌ಮಸ್ ನಂಬರ್ ಒನ್ 'ಲಾಸ್ಟ್ ಕ್ರಿಸ್‌ಮಸ್'. ಅದನ್ನು ಬರೆದು ಹಾಡಿದ ಜಾರ್ಜ್ ಮೈಕೆಲ್ 2016ರ ಕ್ರಿಸ್‌ಮಸ್ ದಿನವೇ ತೀರಿಕೊಂಡಿದ್ದರು. ಬ್ರೆಂಡಾ ಲೀ ಅವರಿಗೆ ಸಿಕ್ಕ ಗೌರವ ಕಂಡು ನಾನು ಕುಣಿದಾಡಿದ್ದೇನೆ. ಆದರೂ ಹಬ್ಬಕ್ಕೆ ಹೊಸ ಬಟ್ಟೆ ಇದ್ದಂತೆ ಹೊಸ ಹಾಡೂ ಇರಬೇಕು. ಈ ಹಳೆಯ ಹಾಡುಗಳೂ ಒಂದು ವರ್ಷ ಹೊಸವೇ ಆಗಿದ್ದವು, ಯಾರೋ ಕೆಲವರು ಮೊದಲ ವಾರದಲ್ಲೇ ಅವನ್ನು ಎದೆಗೆ ಹಚ್ಚಿಕೊಂಡಿದ್ದರು. ಹೊಸ ಹಾಡು ಬಂದ ದಿನ ಅದು ಇಷ್ಟವಾದರೆ ಜೋರಾಗಿ ಹೇಳಬೇಕು. ಮೊದಲ ಕೇಳ್ವಿಕೆಯ ಉತ್ಸಾಹವನ್ನು ಎಳಸು ಎಂದು ತಳ್ಳಿಹಾಕುವ ವಿಮರ್ಶಕರ ಜತೆ ನನಗೆ ಹೊಂದಿಕೆಯಾಗುವುದಿಲ್ಲ.

ಹಾಗಾಗಿ ಆಲ್ಬಮ್ಮಿನ ಮೊದಲ ಹಾಡು 'ಡಿಜೆ ಪ್ಲೇ ಎ ಕ್ರಿಸ್‌ಮಸ್ ಸಾಂಗ್' ಬಗ್ಗೆ ಜೋರಾಗಿಯೇ ಹೇಳುತ್ತೇನೆ: ಅದ್ಭುತ. ಇದು ಈ ಆಲ್ಬಮ್ಮಿಗೆಂದೇ ಬರೆದ ಹೊಸ ಹಾಡು. ಇದರ ನಿರ್ಮಾಪಕ ಮಾರ್ಕ್ ಟೇಲರ್ ಶೆರ್ ಅವರದೇ 1998ರ 'ಬಿಲೀವ್' ಹಾಡನ್ನು ಮಾಡಿದವರಲ್ಲಿ ಒಬ್ಬರು. ಆಟೋ-ಟ್ಯೂನ್ ಎಂಬುದು ಆಗಷ್ಟೇ, 1997ರಲ್ಲಿ, ಬಂದಿತ್ತು. ತೈಲ ಹುಡುಕಲು ನೆಲದೊಳಗೆ ಹರಿಸಿದ ಅಲೆಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ರೂಪಿಸಿದ ತಂತ್ರಾಂಶ ಅದು, ಶ್ರುತಿ ತಪ್ಪಿದ್ದನ್ನು ಗೊತ್ತಾಗದಂತೆ ತಿದ್ದುವುದು ಅದರ ಕೆಲಸ. 'ಬಿಲೀವ್' ಅದನ್ನು ಎಲ್ಲರಿಗೂ ಕೇಳಿಸುವಂತೆ ಬಳಸಿ ದನಿಗೇ ಲೋಹದ ಹೊಳಪು ಕೊಟ್ಟಿತು. ಆ ಹೊಳಪು ಇಲ್ಲಿ ಮತ್ತೆ ಬಂದಿದೆ. ಕುಣಿತದ ನೆಲಕ್ಕೆ ಬಂದ ಹೆಂಗಸು ಡಿಜೆಯನ್ನು ಕೇಳುವುದು ಹಬ್ಬದ ಒಂದು ಹಾಡನ್ನು ಮಾತ್ರ, ರಾತ್ರಿಯಿಡೀ ಕುಣಿಯಲು. ಉಡುಗೊರೆ ಬೇಡ, ಬೇರೇನೂ ಬೇಡ. ಒಲೆಯ ಮುಂದೆ ಕುಟುಂಬವೆಲ್ಲ ಕೂತ ಚಿತ್ರವನ್ನೇ ಕ್ರಿಸ್‌ಮಸ್ ಹಾಡುಗಳು ಎಷ್ಟೋ ದಶಕಗಳಿಂದ ಕೊಡುತ್ತ ಬಂದಿವೆ. ಮನೆಯಲ್ಲಿ ಕಾಯುವವರು ಯಾರೂ ಇಲ್ಲದವರಿಗೆ ಹಬ್ಬ ಎಲ್ಲಿ? ಈ ಹಾಡು ಅವರನ್ನು ಬೆಳಕು ತಿರುಗುವ ಕ್ಲಬ್ಬಿಗೆ ಕರೆದು ಕೈಹಿಡಿಯುತ್ತದೆ.

'ವಾಟ್ ಕ್ರಿಸ್‌ಮಸ್ ಮೀನ್ಸ್ ಟು ಮಿ' ಹಾಡಿಗೆ ಸ್ಟೀವಿ ವಂಡರ್ ಅವರೇ ಬಂದಿದ್ದಾರೆ, 1967ರಲ್ಲಿ ಇದನ್ನು ಹಾಡಿದ್ದವರೂ ಅವರೇ. ಇಬ್ಬರ ಖುಷಿಯೂ ಕಲಬೆರಕೆ ಇಲ್ಲದ್ದು. ಚಾರ್ಲ್ಸ್ ಬ್ರೌನ್ ಅವರ 1960ರ ಬ್ಲೂಸ್ 'ಪ್ಲೀಸ್ ಕಮ್ ಹೋಮ್ ಫಾರ್ ಕ್ರಿಸ್‌ಮಸ್' ಶೆರ್ ಅವರ ಕೆಳಸ್ಥಾಯಿಗೆ ಹೇಳಿಮಾಡಿಸಿದಂತಿದೆ, ಇನ್ನಷ್ಟು ನಿಧಾನವಾಗಿ ಹಾಡಿದ್ದರೂ ನಾನು ಕೇಳುತ್ತಿದ್ದೆ. ಎಲ್ಲವೂ ಹೀಗಿಲ್ಲ. ರ‍್ಯಾಪರ್ ಟೈಗಾ ಜತೆಗಿನ 'ಡ್ರಾಪ್ ಟಾಪ್ ಸ್ಲೇ ರೈಡ್'ನಲ್ಲಿ ರ‍್ಯಾಪ್ ಒಂದು ಕಡೆ, ಹಬ್ಬ ಇನ್ನೊಂದು ಕಡೆ ನಿಂತುಬಿಟ್ಟಿವೆ. 'ಸ್ಯಾಂಟಾ ಬೇಬಿ' ಕೇಳುವಾಗ 1953ರ ಅರ್ಥಾ ಕಿಟ್ ಅವರ ತುಂಟತನ ನೆನಪಾಗಿ, ಇದು ಸಪ್ಪೆ ಎನ್ನಿಸುತ್ತದೆ. ಮೈಕೆಲ್ ಬೂಬ್ಲೆ ಜತೆಗಿನ 'ಹೋಮ್' ತೀರಾ ನಯ. ದೂರ ಉಳಿದವನ ಹಾಡಿನಲ್ಲಿ ಒಂದಾದರೂ ಒರಟು ಅಂಚು ಬೇಕಿತ್ತು. 'ಐ ಲೈಕ್ ಕ್ರಿಸ್‌ಮಸ್' ಹಾಡನ್ನು ಪಟ್ಟಿಯಿಂದ ತೆಗೆದಿದ್ದರೂ ನಷ್ಟವಿರಲಿಲ್ಲ.

ಕೊನೆಯ ಹಾಡಿನ ಆಯ್ಕೆ ನನಗೆ ಬಹಳ ಹಿಡಿಸಿತು. 'ದಿಸ್ ವಿಲ್ ಬಿ ಅವರ್ ಇಯರ್' ಕ್ರಿಸ್‌ಮಸ್ ಹಾಡೇ ಅಲ್ಲ. ಜಾಂಬೀಸ್ ಎಂಬ ಇಂಗ್ಲಿಷ್ ತಂಡದ 1968ರ ಆಲ್ಬಮ್ಮಿನದು, ಆ ಆಲ್ಬಮ್ ಹೊರಬರುವ ಹೊತ್ತಿಗೆ ತಂಡವೇ ಒಡೆದುಹೋಗಿತ್ತು. ಕತ್ತಲ ದಿನಗಳನ್ನು ದಾಟಿ ಬಂದವರು ಪರಸ್ಪರ ಧೈರ್ಯ ಹೇಳಿಕೊಳ್ಳುವ ಹಾಡು ಅದು. ಡಿಸೆಂಬರಿನ ಕೊನೆಯ ವಾರಕ್ಕೆ ಅದಕ್ಕಿಂತ ಒಪ್ಪುವುದು ಬೇರೆ ಏನಿದೆ? ಶೆರ್ ಅದನ್ನು ಭರವಸೆ ತುಂಬಿ ಹಾಡಿದ್ದಾರೆ. ಆದರೆ ಅದನ್ನು 13ನೆಯದಾಗಿ ಇಟ್ಟದ್ದನ್ನು ನಾನು ಒಪ್ಪಲಾರೆ. ಅದರ ಜಾಗ ಐದನೆಯದು, ಡಾರ್ಲೀನ್ ಅವರೊಂದಿಗಿನ ಹಾಡು ಮುಗಿದ ತಕ್ಷಣ. ನನ್ನ ಫೋನಿನಲ್ಲಿ ಆ ಎರಡನ್ನೂ ಅದೇ ಕ್ರಮದಲ್ಲಿ ಜೋಡಿಸಿಟ್ಟುಕೊಂಡಿದ್ದೇನೆ, ಹಾಗೆ ಕೇಳಿದಾಗ ಎರಡೂ ಇನ್ನಷ್ಟು ಬೆಳೆಯುತ್ತವೆ.