ಲೋಳೆಯಲ್ಲಿ ಪ್ರೋಟೀನ್ ಎಷ್ಟು?

ಬಯೋಕೆಮಿಸ್ಟ್ರಿ ಓದಿದವರು ಯಾರೂ ಬ್ರಾಡ್‌ಫೋರ್ಡ್ ಪ್ರಯೋಗ ಮಾಡದೆ ಹೊರಗೆ ಬರುವುದಿಲ್ಲ. ಪ್ರೋಟೀನ್ ಎಷ್ಟಿದೆ ಎಂದು ಅಳೆಯಲು ಜಾರ್ಜಿಯಾ ವಿಶ್ವವಿದ್ಯಾಲಯದ ಮೇರಿಯನ್ ಬ್ರಾಡ್‌ಫೋರ್ಡ್ 1976ರಲ್ಲಿ ಪ್ರಕಟಿಸಿದ ವಿಧಾನ ಇದು. ಉಣ್ಣೆಗೆ ಹಾಕಲೆಂದು ಹುಟ್ಟಿದ ಕೂಮಾಸಿ ಬಣ್ಣ ಆಮ್ಲದಲ್ಲಿ ಕಂದುಗೆಂಪಾಗಿರುತ್ತದೆ, ಪ್ರೋಟೀನ್‌ಗೆ ಅಂಟಿದ ಕೂಡಲೇ ನೀಲಿಯಾಗುತ್ತದೆ. ಆ ನೀಲಿಯನ್ನು 595 ನ್ಯಾನೊಮೀಟರ್‌ನಲ್ಲಿ ಅಳೆದರೆ ಮುಗಿಯಿತು. 1951ರ ಲೋರಿ ವಿಧಾನದಂತೆ ತಾಮ್ರದ ದ್ರಾವಣ, ಫೋಲಿನ್ ರಿಯೇಜೆಂಟ್ ಎಂದು ಹಂತ ಹಂತವಾಗಿ ಕಾಯಬೇಕಿಲ್ಲ. ಇಷ್ಟು ಅಚ್ಚುಕಟ್ಟಾದ ವಿಧಾನವನ್ನು ನಮ್ಮ ಪ್ರಾಕ್ಟಿಕಲ್ ತರಗತಿಗಳು ಬಳಸುವ ರೀತಿಯ ಬಗ್ಗೆ ನನಗೆ ತಕರಾರಿದೆ.

ನಡೆಯುವುದು ಇಷ್ಟು. ಬಿಎಸ್‌ಎ, ಅಂದರೆ ದನದ ರಕ್ತದ ಆಲ್ಬುಮಿನ್, ಐದಾರು ಟ್ಯೂಬುಗಳಲ್ಲಿ 10ರಿಂದ 100 ಮೈಕ್ರೋಗ್ರಾಂವರೆಗೆ. ಗ್ರಾಫ್ ಶೀಟಿನ ಮೇಲೆ ಬಿಂದುಗಳು. ಅವುಗಳ ನಡುವೆ ಸ್ಕೇಲ್ ಇಟ್ಟು ಎಳೆದ ಒಂದು ನೇರ ಗೆರೆ. ಸ್ಯಾಂಪಲ್ಲಿನ ಓಡಿ, ಅಂದರೆ ಅಳೆದ ನೀಲಿಯ ಗಾಢತೆ, ಹಿಡಿದು ಗೆರೆಯವರೆಗೆ ಹೋಗಿ ಕೆಳಗಿಳಿದರೆ ಉತ್ತರ. ಗೆರೆ ನೀಟಾಗಿದ್ದರೆ ಮಾರ್ಕ್ಸ್ ಗ್ಯಾರಂಟಿ.

ನನ್ನ ತರಗತಿಯಲ್ಲಿ ಮೊಟ್ಟೆಯ ಬಿಳಿ ಲೋಳೆಯನ್ನು ಕೊಡುತ್ತೇನೆ. ಅದರಲ್ಲಿ ನೂರಕ್ಕೆ ಹತ್ತರಷ್ಟು, ಅಂದರೆ ಮಿಲಿಲೀಟರ್‌ಗೆ ಸುಮಾರು 100 ಮಿಲಿಗ್ರಾಂ ಪ್ರೋಟೀನ್ ಇರುತ್ತದೆಂದು ಮೊದಲೇ ಗೊತ್ತಿರುವುದರಿಂದ ತಪ್ಪು ಬಚ್ಚಿಟ್ಟುಕೊಳ್ಳಲಾರದು. ಒಬ್ಬ ವಿದ್ಯಾರ್ಥಿನಿ 40 ಪಟ್ಟು ಡೈಲ್ಯೂಟ್ ಮಾಡಿ 50 ಮೈಕ್ರೋಲೀಟರ್ ಹಾಕಿದಳು. ಗ್ರಾಫ್ 75 ಮೈಕ್ರೋಗ್ರಾಂ ಎಂದಿತು. ಅವಳು 75ನ್ನು ಟ್ಯೂಬಿನಲ್ಲಿದ್ದ ಸುಮಾರು 5 ಮಿಲಿಲೀಟರ್‌ನಿಂದ ಭಾಗಿಸಿ, 40ರಿಂದ ಗುಣಿಸಿ, ಮಿಲಿಲೀಟರ್‌ಗೆ 0.6 ಮಿಲಿಗ್ರಾಂ ಎಂದು ಬರೆದಳು. ಅಷ್ಟು ತೆಳ್ಳಗಿದ್ದರೆ ಲೋಳೆ ನೀರಿನ ಹಾಗೆ ಹರಿಯಬೇಕಿತ್ತು! ಆ 75 ಮೈಕ್ರೋಗ್ರಾಂ ಬಂದದ್ದು ಪಿಪೆಟ್‌ನಲ್ಲಿದ್ದ 50 ಮೈಕ್ರೋಲೀಟರ್‌ನಿಂದ. ಮಿಕ್ಕ 5 ಮಿಲಿಲೀಟರ್ ಬಣ್ಣದ್ದು, ಬಿಎಸ್‌ಎ ಸ್ಟ್ಯಾಂಡರ್ಡ್‌ಗಳಿಗೂ ಅಷ್ಟೇ ಸುರಿದದ್ದು. ಅದು ಲೆಕ್ಕಕ್ಕೆ ಬರುವುದೇ ಇಲ್ಲ. 75ನ್ನು 50ರಿಂದ ಭಾಗಿಸಿದರೆ 1.5, ಅದರ 40 ಪಟ್ಟು 60 ಮಿಲಿಗ್ರಾಂ.

ಅರವತ್ತೂ ನೂರಾಗಲಿಲ್ಲ. ಇಲ್ಲಿಂದ ಮುಂದಿನದೇ ನಿಜವಾದ ಪಾಠ, ನಮ್ಮ ಲ್ಯಾಬ್ ಮ್ಯಾನ್ಯುಯಲ್‌ಗಳು ಕೈಬಿಡುವುದೂ ಅದನ್ನೇ. ಅದೇ ಲೋಳೆಯನ್ನು 100 ಪಟ್ಟು ಡೈಲ್ಯೂಟ್ ಮಾಡಿಸಿದೆ. ಗ್ರಾಫಿನಲ್ಲಿ 35 ಬಂತು. ಲೆಕ್ಕ ಹಾಕಿದರೆ 70. ಒಂದೇ ಮೊಟ್ಟೆಗೆ ಎರಡು ಉತ್ತರ. ಕಾರಣ ಆ ನೇರ ಗೆರೆ. ಪ್ರೋಟೀನ್ ಹೆಚ್ಚಿದಂತೆ ಬ್ರಾಡ್‌ಫೋರ್ಡ್‌ನ ಬಿಂದುಗಳು ಬಾಗುತ್ತವೆ, ನಾವು ಅವನ್ನು ಸ್ಕೇಲಿನಿಂದ ಒತ್ತಿ ನೆಟ್ಟಗೆ ಮಾಡುತ್ತೇವೆ. ಹಾಗೆ ಮಾಡಿದಾಗ ಗೆರೆಯ ತುದಿಯಲ್ಲಿ ಸ್ಯಾಂಪಲ್ ಕಡಿಮೆ ತೋರುತ್ತದೆ, ನಡುವೆ ಹೆಚ್ಚು. ಒಂದೇ ಡೈಲ್ಯೂಶನ್ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ. ಪ್ರಯೋಗದಲ್ಲಿ ಎರಡೋ ಮೂರೋ ಡೈಲ್ಯೂಶನ್ ಕಡ್ಡಾಯವಾಗಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಉಳಿದ ಕೊರತೆ ಬಿಎಸ್‌ಎಯದು. ಕೂಮಾಸಿ ಮುಖ್ಯವಾಗಿ ಆರ್ಜಿನಿನ್ ಇರುವಲ್ಲಿ ಅಂಟುತ್ತದೆ, ಹಾಗಾಗಿ ಎಲ್ಲ ಪ್ರೋಟೀನ್‌ಗಳೂ ಒಂದೇ ತೂಕಕ್ಕೆ ಒಂದೇ ನೀಲಿ ಕೊಡುವುದಿಲ್ಲ. ಬಿಎಸ್‌ಎ ಗಾಢ ನೀಲಿ ಕೊಡುತ್ತದೆ. ಲೋಳೆಯ ಮುಖ್ಯ ಪ್ರೋಟೀನ್ ಓವಾಲ್ಬುಮಿನ್ ಕೊಡುವ ನೀಲಿ ಬಹಳ ಕಡಿಮೆ. ಬಿಎಸ್‌ಎಯಿಂದ ಅಳೆದರೆ ಲೋಳೆ ಬಡವಾಗಿ ಕಾಣುವುದು ಸಹಜ. ಇದರಿಂದ ವಿಧಾನ ಕೆಟ್ಟದ್ದಾಗುವುದಿಲ್ಲ. ಸೇರಿನಿಂದ ಅಳೆದದ್ದನ್ನು ಸೇರೆಂದೇ ಹೇಳುವಂತೆ, "ಬಿಎಸ್‌ಎ ಲೆಕ್ಕದಲ್ಲಿ" ಎಂದು ಉತ್ತರದ ಪಕ್ಕ ಬರೆದರೆ ಸಾಕು. ಆ ಎರಡು ಪದ ರೆಕಾರ್ಡ್ ಪುಸ್ತಕಗಳಲ್ಲಿ ನನಗೆ ಸಿಕ್ಕಿದ್ದು ಅಪರೂಪ.

ಆ ಹುಡುಗಿ ಸ್ಕೇಲ್ ಬದಿಗಿಟ್ಟು, ಬಿಂದುಗಳ ಜೊತೆಗೇ ಬಾಗುವ ಗೆರೆಯನ್ನು ಕೈಯಲ್ಲೇ ಎಳೆದಳು. ಎರಡೂ ಡೈಲ್ಯೂಶನ್‌ಗಳ ಉತ್ತರ ಹತ್ತಿರ ಹತ್ತಿರ ಬಂತು. ಗೆರೆ ಅಲ್ಲಲ್ಲಿ ನಡುಗಿದ್ದಕ್ಕೆ ಮಾರ್ಕ್ಸ್ ಹೋಗುತ್ತದೆಯೇ ಎಂದು ಕೇಳಿದಳು. ಪೂರ್ತಿ ಮಾರ್ಕ್ಸ್ ಕೊಟ್ಟೆ.